ಸಲಿಕೆ ಮುಟ್ಟದ ಹದಿನಾಲ್ಕು ವರ್ಷ

ಹೊಸದಾಗಿ ಮಾಲಿ ಕೆಲಸಕ್ಕೆ ಸೇರಿದವರು ಆಗಾಗ ಬೀದರಿನ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಕೇಳುವುದು ಒಂದೇ ಪ್ರಶ್ನೆ. "ಕಾಕಾ, ನೆಲ ಅಗಿಲಾರದೆ ತೋಟ ಹ್ಯಾಂಗ ಬೆಳಸಿದ್ರಿ?" ಹಾಗೆ ಕೇಳುವಾಗ ಅವರ ಮುಖ ನೋಡಬೇಕು, ಯಾವುದೋ ಮಠದ ಸ್ವಾಮಿಗಳ ಮುಂದೆ ಕೂತ ಹಾಗಿರುತ್ತದೆ. ನನಗೆ ಒಳಗೊಳಗೇ ನಗು. ನಾನೇನು ಜ್ಞಾನ ಬಂದು ಸಲಿಕೆ ಬಿಟ್ಟವನಲ್ಲ. ನನ್ನ ಸೊಂಟ ಹೋಗಿತ್ತು. ಅದು ಮೇಲಿನವರಿಗೆ ತಿಳಿದರೆ ನೌಕರಿಯೂ ಹೋಗುತ್ತದೆಂದು ಹೆದರಿ, ಏಳು ವರ್ಷ ಸುಳ್ಳು ಹೇಳಿಕೊಂಡು ತೋಟ ಮಾಡಿದವನು ನಾನು. ಆ ಕಥೆಯನ್ನೇ ಬರೆಯುತ್ತಿದ್ದೇನೆ. ಮಣ್ಣಿನ ಪಾಠವೂ ಇದರಲ್ಲೇ ಕಲಸಿಕೊಂಡಿದೆ. ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ನಾನು ಮೊದಲು ಸೇರಿದ್ದು ಔರಾದಿನ ಒಂದು ಸರ್ಕಾರಿ ಹಾಸ್ಟೆಲಿಗೆ. ಹಿಂದೆ ಒಂದಿಷ್ಟು ಕಪ್ಪು ಎರೆ ನೆಲ. ಅಲ್ಲಿ ಬೆಳೆದ ಸೊಪ್ಪು, ಬದನೆ, ಟೊಮೆಟೊ ಮಕ್ಕಳ ಊಟಕ್ಕೆ ಹೋಗಬೇಕು. ಹೆಡ್ ಮಾಲಿ ಮಾಣಿಕಪ್ಪನವರು ಒಣಕಲು ಮೈಯವರು, ತಲೆಗೆ ಸದಾ ರುಮಾಲು. ಹಾಜರಿಗೆ ಸಹಿ ಮಾಡಿಸುವ ಮೊದಲು ನಮ್ಮ ಅಂಗೈ ತಿರುಗಿಸಿ ನೋಡುತ್ತಿದ್ದರು. ಬೊಬ್ಬೆ ಕಂಡರೆ ಅವರ ಮುಖ ಅರಳುತ್ತಿತ್ತು. ನಾನು ಹತ್ತನೆಯ ತರಗತಿ ಪಾಸಾಗಿ ಹೋದವನು, ನನ್ನ ಅಂಗೈ ಇನ್ನೂ ಮೆತ್ತಗಿತ್ತು.

"ಇದು ಮಾಲಿ ಕೈ ಏನೋ? ಮಾಸ್ತರ್ ಕೈ ಇದ್ದಂಗ ಅದ," ಎಂದು ಮೊದಲ ವಾರವೇ ಎಲ್ಲರೆದುರು ಹಂಗಿಸಿದರು. "ಸಾಲಿ ಕಲ್ತವನಿಗಿ ಸಲಿಕಿ ಹಗರ ಆಗಂಗಿಲ್ಲ ತಮ್ಮಾ. ಅಗಿ."

ನನಗೆ ರೋಷ ಬಂತು. ಮೃಗಶಿರಾ ಮಳೆ ಚೆನ್ನಾಗಿ ಬಿದ್ದ ಮರುದಿನ ಅವರು ರಜೆಯಲ್ಲಿದ್ದರು. ಬರುವಷ್ಟರಲ್ಲಿ ಮುಗಿಸಿ ತೋರಿಸುತ್ತೇನೆಂದು ಇಡೀ ತೋಟವನ್ನು ಒಬ್ಬನೇ ಅಗೆದು ಹಾಕಿದೆ. ಹಸಿ ಎರೆ ಮಣ್ಣು ಸಲಿಕೆಗೆ ಬೆಲ್ಲದ ಪಾಕದಂತೆ ಮೆತ್ತಿಕೊಳ್ಳುತ್ತಿತ್ತು. ಕೆರೆದು ಕೆರೆದು ಅಗೆದೆ. ನಾಲ್ಕು ದಿನ ಬಿಸಿಲು ಬಿದ್ದದ್ದೇ ತಡ, ತೋಟದ ತುಂಬ ಇಟ್ಟಂಗಿಯಂಥ ಹೆಂಟೆಗಳು. ಬಿತ್ತಿದ ಮೆಂತೆ ಹೆಂಟೆಗಳ ಸಂದಿಗೆ ಬಿದ್ದು ಇರುವೆ ಪಾಲಾಯಿತು. ಮಾಣಿಕಪ್ಪನವರು ಬೈಯಲಿಲ್ಲ. ಮರದ ಕೊಡತಿ ಕೈಗೆ ಕೊಟ್ಟು, "ಒಡಿ," ಎಂದರು. ಒಂದು ತಿಂಗಳು ಹೆಂಟೆ ಒಡೆದೆ. ಅಂಗೈಯಲ್ಲಿ ಬೊಬ್ಬೆಗೆ ಜಾಗವೇ ಉಳಿಯಲಿಲ್ಲ.

ಆ ತಪ್ಪಿನಿಂದ ನಾನು ಕಲಿತದ್ದು ಹದ ನೋಡಿ ಅಗೆಯಬೇಕು ಎಂಬುದನ್ನಷ್ಟೇ. ಅಗೆಯುವುದೇ ಬೇಡವೇನೋ ಎಂಬ ಯೋಚನೆ ನನಗಾಗಲೀ ಅವರಿಗಾಗಲೀ ಬರಲಿಲ್ಲ. ಪ್ರತಿ ಬೇಸಿಗೆ ಅಗೆದೆವು, ಪ್ರತಿ ಮಳೆಗಾಲ ಜೇಕು ಹುಲ್ಲು ಮೊದಲಿಗಿಂತ ಹೆಚ್ಚಾಯಿತು. ಜೇಕಿನ ಬೇರಿಗೆ ಸಣ್ಣ ಸಣ್ಣ ಗಡ್ಡೆಗಳಿರುತ್ತವೆ. ಸಲಿಕೆ ಒಂದು ಗಡ್ಡೆಯ ಸರವನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಗಿಡ. ನಾವು ಕಳೆ ತೆಗೆಯುತ್ತಿದ್ದೇವೆ ಅಂದುಕೊಂಡು ಕಳೆಯನ್ನೇ ಬಿತ್ತುತ್ತಿದ್ದೆವು. ಆದರೂ ಮಾಣಿಕಪ್ಪನವರನ್ನು ನೆನೆದರೆ ನನಗೆ ಪ್ರೀತಿಯೇ. ಅಷ್ಟು ದುಡಿಯುವ ಮನುಷ್ಯನನ್ನು ಮತ್ತೆ ಕಾಣಲಿಲ್ಲ.

ಅಲ್ಲಿಂದ ಭಾಲ್ಕಿಗೆ ವರ್ಗವಾಯಿತು. ಅಲ್ಲಿಯೂ ಹಾಸ್ಟೆಲು, ಅಲ್ಲಿಯೂ ಎರೆ ನೆಲ. ನನಗಾಗ ನಲವತ್ತಾರು ವರ್ಷ. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲಕ್ಕೆ ಗುದ್ದಲಿ ಹಾಕುವಾಗ ಸೊಂಟದಲ್ಲಿ 'ಟಕ್' ಎಂದಿತು. ಅಲ್ಲೇ ಕುಸಿದೆ. ಡಾಕ್ಟರು ಫೋಟೋ ತೆಗೆಸಿ ನೋಡಿ, "ಇನ್ನೊಮ್ಮೆ ಸಲಿಕೆ ಹಿಡಿದರೆ ಹಾಸಿಗೆ ಹಿಡಿಯುತ್ತೀರಿ," ಎಂದು ಬಾಯಿಬಿಟ್ಟು ಹೇಳಿದರು.

ಮಾಲಿಗೆ ಸಲಿಕೆ ಬೇಡವೆಂದರೆ ಏನರ್ಥ? ಕೈಲಾಗದ ಮಾಲಿಯನ್ನು ಮನೆಗೆ ಕಳಿಸಿದ ಸುದ್ದಿಗಳು ನಮ್ಮ ನಡುವೆ ಓಡಾಡುತ್ತಿದ್ದವು. ಎಷ್ಟು ನಿಜವೋ ಎಷ್ಟು ಸುಳ್ಳೋ, ಹೆದರುವವನಿಗೆ ಅಷ್ಟು ಸಾಕು. ಹೆಣ್ಣುಮಕ್ಕಳಿಬ್ಬರೂ ಆಗ ಓದುತ್ತಿದ್ದರು. ನನ್ನ ಹೆಂಡತಿ ಕಸ್ತೂರಿ ಅಂದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಟೊಂಕದ ಸುದ್ದಿ ಯಾರ ಮುಂದೂ ತೆಗಿಬ್ಯಾಡ್ರಿ. ಜ್ವರ ಬಂದಿತ್ತು ಅಂತ ಹೇಳ್ರಿ. ಮುಂದಿಂದು ಮುಂದ ನೋಡಮು." ಹದಿನೈದು ದಿನ 'ಜ್ವರ' ಅನುಭವಿಸಿ ಕೆಲಸಕ್ಕೆ ಹೋದೆ.

ಈಗ ಹೇಳಿಕೊಳ್ಳಲು ನಾಚಿಕೆ, ನಗೆ ಎರಡೂ. ದಿನಾ ಬೆಳಿಗ್ಗೆ ಸಲಿಕೆಗೆ ಒಂದು ಹಿಡಿ ಹಸಿ ಮಣ್ಣು ಮೆತ್ತಿ, ಎಲ್ಲರಿಗೂ ಕಾಣುವಂತೆ ಗೋಡೆಗೆ ಆನಿಸಿಡುತ್ತಿದ್ದೆ. ನೋಡಿದವರು ಈಗಷ್ಟೇ ಅಗೆದು ಬಂದಿದ್ದಾನೆ ಅಂದುಕೊಳ್ಳಲಿ ಎಂದು. ವಾರ್ಡನ್ ನಂಬಿದರು, ಜವಾನ ನಂಬಿದ. ಅಡುಗೆಯ ಸುಗಲಾಬಾಯಿ ಮಾತ್ರ ನಂಬಲಿಲ್ಲ.

ಸುಗಲಾಬಾಯಿ ಸಾಯಗಾಂವದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಜೋರು. ಒಂದು ದಿನ ಕೊತ್ತಂಬರಿ ಕೀಳಲು ಬಂದವಳು ನನ್ನನ್ನೂ ಸಲಿಕೆಯನ್ನೂ ನೋಡಿ ಸೀರೆ ಸೆರಗು ಬಾಯಿಗಿಟ್ಟು ನಕ್ಕಳು.

"ತಮ್ಮಾ, ಸಲಿಕಿಗಿ ಮಣ್ಣು ಹತ್ತ್ಯಾದ, ನಿನ್ನ ಕಾಲಿಗಿ ಹತ್ತಿಲ್ಲಲ್ಲ? ಟೊಂಕ ಹೋಗ್ಯಾದ ಹೌದಿಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕೈ ಮುಗಿದು, "ಅಕ್ಕಾ, ಯಾರಿಗೂ ಹೇಳಬ್ಯಾಡ. ಅಗಿಲಿಕ್ಕಾಗಂಗಿಲ್ಲ ಅಂತ ಗೊತ್ತಾದ್ರ ನನ್ನ ಹೊಟ್ಟಿ ಮ್ಯಾಲ ಕಾಲು ಬೀಳ್ತದ," ಎಂದೆ.

"ಅಗಿ ಅಂದವ್ರು ಯಾರು? ನಮ್ಮ ಹಿತ್ತಲದಾಗ ನಮ್ಮ ಅತ್ತಿ ಕಾಲದಿಂದ ಯಾರೂ ಅಗಿದಿಲ್ಲ. ನನಗ ರೊಟ್ಟಿ ಬಡಿಲಿಕ್ಕೇ ಫುರಸತ್ತಿಲ್ಲ, ಅಗಿಲಿಕ್ಕ ಎಲ್ಲಿಂದ ತರ್ಲಿ? ಐತವಾರ ಬಂದು ನೋಡು."

ಭಾನುವಾರ ಸಾಯಗಾಂವಕ್ಕೆ ಹೋದೆ. ಹಿತ್ತಿಲಲ್ಲಿ ಬದನೆ, ಚವಳಿಕಾಯಿ, ಪುಂಡಿ ಸೊಪ್ಪು ಗಿಜಿಗುಟ್ಟುತ್ತಿದ್ದವು. ನೆಲವೇ ಕಾಣುತ್ತಿರಲಿಲ್ಲ. ಮೇಲೆಲ್ಲ ಒಣಗಿದ ಸೊಪ್ಪು, ತೊಗರಿ ಹೊಟ್ಟು. "ಕೈ ಹಾಕು," ಎಂದಳು. ಹೊಟ್ಟು ಸರಿಸಿ ಬೆರಳು ಒತ್ತಿದೆ. ಮಣಿಕಟ್ಟಿನವರೆಗೆ ಹೋಯಿತು. ಅದೇ ಎರೆ ಮಣ್ಣು, ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಗುದ್ದಲಿ ಹಾಕಿದ ಅದೇ ಜಾತಿಯ ನೆಲ. ಅಲ್ಲೇ ಕೂತುಬಿಟ್ಟೆ. ನನ್ನ ಸೊಂಟ ಯಾಕೆ ಹೋಯಿತು ಎಂದು ಅಳು ಬಂತು, ಸುಳ್ಳೇಕೆ ಹೇಳಲಿ.

ಅವಳ ಪದ್ಧತಿ ಇಷ್ಟೇ. ಮೊದಲ ಮಳೆ ಬಿದ್ದಾಗ ಸೆಣಬಿನ ಬೀಜವನ್ನು ಒತ್ತೊತ್ತಾಗಿ ಎರಚುವುದು. ಮೊಗ್ಗು ಕಾಣಿಸಿದ ಕೂಡಲೇ ಕುಡುಗೋಲಿನಿಂದ ಬುಡಕ್ಕೆ ಕೊಯ್ದು, ಅಲ್ಲೇ ಮಲಗಿಸುವುದು. ಬೇರು ಕೀಳುವಂತಿಲ್ಲ, ಮಣ್ಣಿಗೆ ಮಗುಚುವಂತಿಲ್ಲ. ಮೇಲೆ ತೊಗರಿ ಹೊಟ್ಟೋ ಸೋಯಾ ಹೊಟ್ಟೋ ಹರಡಿ ಎರಡು ಮೂರು ವಾರ ಸುಮ್ಮನಿರುವುದು. ಆಮೇಲೆ ಬೆರಳಿನಿಂದ ಸರಿಸಿ ಸಸಿ ಊರುವುದು. ನಿಂತ ಬೇರು ನೆಲದೊಳಗೆ ಕೊಳೆತು ದಾರಿ ಮಾಡುತ್ತದೆ, ಆ ದಾರಿಯಲ್ಲಿ ನೀರೂ ಎರೆಹುಳವೂ ಇಳಿಯುತ್ತವೆ. ಅಗೆಯುವ ಕೆಲಸ ಅವು ಮಾಡುತ್ತವೆ. "ಸುಮ್ಮನಿರುವುದು" ಎಂಬುದೇ ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಎಂದು ಹೊಸಬರಿಗೆ ಈಗಲೇ ಹೇಳಿಬಿಡುತ್ತೇನೆ.

ಮೊದಲ ವರ್ಷವೇ ನಾನು ಎಡವಿದೆ. ಹಾಸ್ಟೆಲಿನ ಹಿಂದೆ ಸೆಣಬು ಎರಚಿದೆ, ಸೊಂಪಾಗಿ ಬಂತು. ಮೊಗ್ಗು ಒಡೆದು ಹಳದಿ ಹೂ ಕಾಣಿಸಿದಾಗ ವಾರ್ಡನ್ ಮನಸೋತರು. "ಧ್ವಜಾರೋಹಣಕ್ಕ ಅತಿಥಿಗಳು ಬರ್ತಾರ, ಅಲ್ಲಿತನ ಹೂವು ಇರ್ಲಿ ಬಿಡ್ರಿ," ಎಂದರು. ಇಲ್ಲವೆನ್ನುವ ಧೈರ್ಯ ಎಲ್ಲಿತ್ತು? ಹಬ್ಬ ಮುಗಿಯುವಷ್ಟರಲ್ಲಿ ದಂಟುಗಳು ಬಲಿತು ಕಟ್ಟಿಗೆಯಾದವು. ಕೊಯ್ದು ಹಾಕಿದರೆ ಕೊಳೆಯಲೇ ಇಲ್ಲ. ಹಾಸ್ಟೆಲಿನ ಜವಾನ ಅವನ್ನು ನೀರಲ್ಲಿ ನೆನೆಸಿ, ನಾರು ಸುಲಿದು, ತನ್ನ ಎಮ್ಮೆಗೆ ಕಣ್ಣಿ ಹೊಸೆದುಕೊಂಡ. ಗೊಬ್ಬರ ಮಾಡಲು ಹೋಗಿ ಹಗ್ಗ ಮಾಡಿದ ಮಾಲಿ ಎಂದು ಭಾಲ್ಕಿಯಲ್ಲಿ ನನ್ನ ಹೆಸರಾಯಿತು.

ಎರಡನೆಯ ತಪ್ಪು ಇನ್ನೂ ರುಚಿಯಾದದ್ದು. ಮಳೆಗಾಲ ಮುಗಿದ ಮೇಲೆ ನೆಲ ಬೆತ್ತಲೆ ಬಿಡಬಾರದೆಂದು ಖಾಲಿ ಮಡಿಗಳಿಗೆ ಕಡಲೆ, ಬಟಾಣಿ, ಅಲಸಂದೆ, ಮೆಂತೆ ಕೂಡಿಸಿ ಎರಚಿದೆ. ಹೂವಿಗೆ ಬಂದಾಗ ಕೊಯ್ದು ಮಲಗಿಸುವ ಲೆಕ್ಕ. ಮೊಣಕಾಲೆತ್ತರ ಬೆಳೆದು ಕಣ್ಣಿಗೆ ಹಬ್ಬ. ನಾಳೆ ಕೊಯ್ಯುತ್ತೇನೆಂದು ಕುಡುಗೋಲು ಮಸೆದಿಟ್ಟು ಮನೆಗೆ ಹೋದೆ. ಮರುದಿನ ಬಂದು ನೋಡಿದರೆ ತೋಟ ಬೋಳು! ಕುರಿ ಹಿಂಡು ನುಗ್ಗಿದ ಹಾಗೆ ತುದಿಯೆಲ್ಲ ಮಾಯ, ಮೋಟು ದಂಟುಗಳು ಮಾತ್ರ ನಿಂತಿದ್ದವು.

ಕುರಿಯಲ್ಲ. ಅದರ ಮರುದಿನ ಎಳ್ಳಮಾವಾಸ್ಯೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದು ಎಲ್ಲರೂ ಹೊಲಕ್ಕೆ ಹೋಗಿ ಭೂಮಿಗೆ ಎಡೆಯ ಚರಗ ಚೆಲ್ಲಿ ಉಣ್ಣುತ್ತಾರೆ. ಉಣ್ಣಲು ಭಜ್ಜಿ ಎಂಬ ಕೂಡುಪಲ್ಯ ಆಗಲೇಬೇಕು, ಭಜ್ಜಿಗೆ ಸಿಕ್ಕ ಹಸಿ ಸೊಪ್ಪು, ಹಸಿ ಕಾಳು ಎಲ್ಲಾ ಬೀಳಬೇಕು. ಆ ಹಬ್ಬಕ್ಕೆ ಯಾರ ಹೊಲದಲ್ಲಿ ಒಂದು ಹಿಡಿ ಕಿತ್ತರೂ ಕಳವಲ್ಲ. ಅಕ್ಕಪಕ್ಕದ ಕ್ವಾರ್ಟರ್ಸಿನ ಹೆಣ್ಣುಮಕ್ಕಳೆಲ್ಲ ಉಡಿ ತುಂಬಿಕೊಂಡು ಹೋಗಿದ್ದರು. ಒಬ್ಬೊಬ್ಬರದು ಒಂದೇ ಹಿಡಿ. ಆದರೆ ಇಡೀ ಓಣಿ ಬಂದಿತ್ತು. ಎಳ್ಳಮಾವಾಸ್ಯೆಯ ಮುಂದೆ ತಿನ್ನುವ ಬೆಳೆಯನ್ನು ಗೊಬ್ಬರಕ್ಕೆ ಬೆಳೆಸಿದ ದಡ್ಡ ಬೀದರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಹುಟ್ಟಿದಾಗಿನಿಂದ ಭಜ್ಜಿ ಉಂಡವನಿಗೆ ಅಷ್ಟು ನೆನಪಿರಬಾರದೇ?

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಸುಗಲಾಬಾಯಿಗೆ ಮಾತ್ರ ಏನೂ ಅನ್ನಿಸಲಿಲ್ಲ.

"ಬೇರು ಯಾರರೆ ಒಯ್ದಾರೇನು?"

"ಇಲ್ಲ."

"ಮತ್ಯಾಕ ಅಳ್ತಿ? ಮ್ಯಾಲಿಂದು ಮಂದಿಗಿ, ಕೆಳಗಿಂದು ಭೂಮಿಗಿ. ಇಬ್ಬರದೂ ಹೊಟ್ಟಿ ತುಂಬ್ತು."

ಎಳ್ಳಮಾವಾಸ್ಯೆಯ ದಿನ ಅವರ ಹೊಲದಲ್ಲಿ ಕೂರಿಸಿ ಭಜ್ಜಿ ಬಡಿಸಿದಳು. ಅದರಲ್ಲಿ ನನ್ನ ಗೊಬ್ಬರವೂ ಇತ್ತು, ಬಹಳ ಚೆನ್ನಾಗಿತ್ತು. ಅವಳ ಮಾತೂ ಸುಳ್ಳಾಗಲಿಲ್ಲ. ಮೋಟು ಬೇರುಗಳನ್ನು ಹಾಗೆಯೇ ಬಿಟ್ಟು ಮೇಲೆ ಕಬ್ಬಿನ ರವದಿ, ಅಂದರೆ ಒಣ ಸೋಗೆ, ಹಾಸಿದೆ. ಆ ಮಡಿಗಳಲ್ಲಿ ಬೇಸಿಗೆಯ ಬದನೆ ಬಂದ ಹಾಗೆ ಮತ್ತೆಲ್ಲೂ ಬರಲಿಲ್ಲ.

ಐವತ್ತಕ್ಕೆ ನನ್ನನ್ನು ಬೀದರ ಶಹರಕ್ಕೆ ಹಾಕಿದರು. ಕಚೇರಿಯೊಂದರ ದೊಡ್ಡ ಕಾಂಪೌಂಡು, ಅದಕ್ಕೆ ನಾನೊಬ್ಬನೇ ಮಾಲಿ. ಇಲ್ಲಿನದು ಕೆಂಪು ಮುರ್ರಂ, ಗಟ್ಟಿ ಗರಸು ನೆಲ. ಕಟ್ಟಡ ಕಟ್ಟಿದವರು ಬಿಟ್ಟುಹೋದ ಇಟ್ಟಂಗಿ ಚೂರು, ಸಿಮೆಂಟಿನ ಹೆಪ್ಪು, ಅದರ ಮೇಲೆ ಗರಿಕೆ ಮತ್ತು ಜೇಕು. ಒಳ್ಳೆಯ ಸೊಂಟದವನೂ ಅಳಬೇಕು. ನಾನು ಅಗೆಯುವುದು ಹೇಗೂ ಇರಲಿಲ್ಲ. ಶಹರದ ಹೊರಗಿನ ಕೊಳಾರದ ಗೋದಾಮುಗಳಲ್ಲಿ ಬಿಸಾಡುವ ರಟ್ಟಿನ ಪೆಟ್ಟಿಗೆಗಳನ್ನು ಬೇಡಿ ತಂದೆ. ಟೇಪು ಕಿತ್ತು, ಬಿಚ್ಚಿ, ಹುಲ್ಲಿನ ಮೇಲೆ ಒಂದರ ಮೇಲೊಂದು ಹಾಸಿ, ನೀರು ಕುಡಿಸಿ, ಮೇಲೆ ಸಗಣಿ ಗೊಬ್ಬರ, ಬೇವಿನ ತರಗು, ಹೊಟ್ಟು ಹರಡಿದೆ. ಮೊದಲ ಸಲ ನೀರು ಹಾಕುವುದನ್ನು ಮರೆತು ರಟ್ಟನ್ನೆಲ್ಲ ಗೆದ್ದಲಿಗೆ ಉಣಿಸಿದೆ. ಮತ್ತೆ ತಂದೆ. ಬೆಳಕಿಲ್ಲದೆ ಗರಿಕೆ ಸತ್ತಿತು. ಜೇಕು ಹಟಮಾರಿ, ತೂರಿಕೊಂಡು ಬಂದದ್ದನ್ನು ಬಂದ ಹಾಗೆ ಕೊಯ್ಯುತ್ತ ಹೋದೆ. ಎರಡು ವರ್ಷಕ್ಕೆ ಅದೂ ಸೋತಿತು. ಮಳೆ ಬಂದಾಗಲೆಲ್ಲ ಸೆಣಬು ಎರಚಿದೆ, ಮೊಗ್ಗಿಗೇ ಕೊಯ್ದೆ. ಈ ಸಲ ಯಾರ ಮುಲಾಜಿಗೂ ಹೂ ಬಿಡಲಿಲ್ಲ.

ನಮ್ಮ ಮೇಲೆ ಪಾಟೀಲ ಸಾಹೇಬರಿದ್ದರು. ಮೆಹಕರದ ಒಕ್ಕಲು ಮನೆತನದವರು, ಬಿಳಿ ಅಂಗಿ, ಗಟ್ಟಿ ದನಿ. ಅವರಿಗೆ ನೆಲ ಎಂದರೆ ಅಗೆದು ಸಾಫು ಮಾಡಿದ ನೆಲ. ನನ್ನ ತರಗು, ಹೊಟ್ಟು, ಒಣ ದಂಟು ನೋಡಿದರೆ ಅವರಿಗೆ ಮೈಯೆಲ್ಲ ಉರಿ. "ಇದು ತೋಟ ಅದನೋ ತಿಪ್ಪಿ ಅದನೋ? ಎರಡು ಫೂಟು ಅಗಿಬೇಕು," ಎಂದು ಮೊದಲ ಬೇಸಿಗೆಯಲ್ಲಿ ಅಪ್ಪಣೆ ಮಾಡಿದರು. "ಹೊಸ ಪದ್ಧತಿ ಅದರಿ," ಎಂದು ತಪ್ಪಿಸಿಕೊಂಡೆ. ಎರಡನೆಯ ಬೇಸಿಗೆಯಲ್ಲಿ "ಮಳೆ ಬೀಳಲಿ" ಎಂದೆ, ಮಳೆ ಬಿದ್ದಾಗ "ಆರಲಿ" ಎಂದೆ. ಇಷ್ಟರಲ್ಲಿ ಯಾರೋ ಅವರ ಕಿವಿ ಊದಿದರು, ಮಾಲಿ ನೆರಳಲ್ಲಿ ಕೂತೇ ಸಂಬಳ ತಿನ್ನುತ್ತಾನೆ ಎಂದು. ಅರ್ಧ ನಿಜವೇ. ಸೊಂಟ ಹಿಡಿದಾಗ ಬೇವಿನ ಕೆಳಗೆ ಕೂರುತ್ತಿದ್ದೆ.

ಮೂರನೆಯ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಸಾಹೇಬರು ನೇರವಾಗಿ ತೋಟಕ್ಕೇ ಬಂದರು. ಕಚೇರಿಯವರು ನಾಲ್ಕಾರು ಜನ ವರಾಂಡದಲ್ಲಿ ಬಂದು ನಿಂತರು.

"ಶಿವರಾಜ, ಸಲಿಕಿ ತಗೋ. ನನ್ನ ಮುಂದ ಇಲ್ಲಿ ಒಂದು ಗುಂಡಿ ತೋಡು. ಆಗಂಗಿಲ್ಲ ಅಂದ್ರ ಹಂಗಂತ ಬರದು ಕೊಡು, ಮುಂದ ಏನ್ ಮಾಡಬೇಕೋ ನಾ ಮಾಡ್ತೇನಿ."

ಸಲಿಕೆ ಕೈಗೆ ತೆಗೆದುಕೊಂಡೆ. ದೊಡ್ಡ ಮಗಳ ಪರೀಕ್ಷೆ ಮುಗಿದಿರಲಿಲ್ಲ, ಚಿಕ್ಕವಳು ಕಾಲೇಜಿಗೆ ಆಗಷ್ಟೇ ಸೇರಿದ್ದಳು. ಒಂದೇ ಒಂದು ಗುಂಡಿ, ತೋಡಿಬಿಡಲೇ ಅಂದುಕೊಂಡೆ. ತೋಡಿದರೆ ಹಾಸಿಗೆ, ತೋಡದಿದ್ದರೆ ಮನೆ. ಅರ್ಧ ಬಾಗಿದೆ, ಸೊಂಟ ಎಚ್ಚರಿಸಿತು, ನಿಂತೆ.

"ಬ್ಯಾಡ್ರಿ ಸಾಹೇಬ್ರ. ಬೇರು ಕಡಿತಾವ."

"ಕಳ್ಳಗೊಂದು ಪಿಳ್ಳಿ ನೆವ!" ಸಾಹೇಬರು ಅಂಗಿಯ ತೋಳು ಮಡಚಿ ಸಲಿಕೆ ಕಿತ್ತುಕೊಂಡರು. "ಒಕ್ಕಲಿಗನ ಮಗ ಇದ್ದೇನಿ. ಹ್ಯಾಂಗ ಅಗಿತಾರ ನೋಡು."

ಮುರ್ರಂ ನೆಲಕ್ಕೆ ಎಷ್ಟು ಜೋರು ಬೇಕೋ ಅಷ್ಟು ಜೋರಿನಿಂದ ಸಲಿಕೆ ಎತ್ತಿ ಹಾಕಿದರು. ನೆಲ ಎದುರು ಕೊಡಲೇ ಇಲ್ಲ. ಸಲಿಕೆ ಕಾವಿನವರೆಗೆ ಒಳಗೆ ಹೋಯಿತು, ಅದರ ಹಿಂದೆ ಸಾಹೇಬರೂ ಹೋದರು. ಮುಗ್ಗರಿಸಿ ಬೀಳುವಾಗ ಆಸರೆಗೆ ಹಿಡಿದದ್ದು ನನ್ನ ಹೆಗಲನ್ನು. ಆ ಭಾರ ನನ್ನ ಸೊಂಟಕ್ಕೆ ಬಿತ್ತು. "ಯವ್ವಾ!" ಎಂದು ಕೂಗಿ ನಾನೂ ಕುಸಿದೆ. ಸಾಹೇಬರು, ಮಾಲಿ ಇಬ್ಬರೂ ಅದೇ ಮಡಿಯಲ್ಲಿ, ಒಣ ಸೆಣಬಿನ ಮೇಲೆ.

ಬಿದ್ದದ್ದು ಅವರು, ಕೂಗಿದ್ದು ನಾನು. ಅವರು ನನ್ನ ಮುಖ ನೋಡಿದರು. ಏಳಲು ನೋಡಿದೆ, ಆಗಲಿಲ್ಲ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಟೊಂಕ?"

"ಹೌದ್ರಿ."

"ಎಷ್ಟು ವರ್ಷ ಆತು?"

"ಏಳು ವರ್ಷ ಆತ್ರಿ. ಭಾಲ್ಕಿದಾಗ ಇದ್ದಾಗಿಂದ."

ಸಾಹೇಬರು ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಸಲಿಕೆ ಎಬ್ಬಿಸಿದ ಜಾಗಕ್ಕೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದರು. ಮೇಲೆ ಕಪ್ಪು, ಕೆಳಗೆ ಕೆಂಪು, ನಡುವೆ ಎರಡು ಎರೆಹುಳ. ಅದನ್ನು ಉಜ್ಜಿದರು, ಮೂಸಿದರು. ಅಧಿಕಾರಿ ಹೋಗಿ ಒಕ್ಕಲಿಗ ಬಂದು ಕೂತಿದ್ದ.

"ಇದು ಮುರ್ರಂ ಇತ್ತಲ್ಲೋ," ಎಂದರು ಮೆತ್ತಗೆ. ಆಮೇಲೆ, "ಮೊದಲ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಮನಿಗಿ ಕಳಸ್ತಿದ್ರಿ."

ಅವರು ಕೈಯ ಮಣ್ಣನ್ನು ಮಡಿಗೆ ಉದುರಿಸಿದರು. "ಹೌದು," ಎಂದರು. "ಕಳಸ್ತಿದ್ದೆ."

ನನ್ನ ನೌಕರಿಯಲ್ಲಿ ಮೇಲಿನವರ ಬಾಯಿಂದ ಕೇಳಿದ ಅತಿ ಪ್ರಾಮಾಣಿಕವಾದ ಮಾತು ಅದು. ಅವರ ಮೇಲಿದ್ದ ಸಿಟ್ಟೆಲ್ಲ ಆ ಕ್ಷಣವೇ ಇಳಿಯಿತು. ಅವರೇ ಕೈ ಕೊಟ್ಟು ನನ್ನನ್ನು ಎಬ್ಬಿಸಿದರು. ಒಳಗೆ ಹೋಗಿ ತಪಾಸಣೆ ಪುಸ್ತಕ ತರಿಸಿ ನನ್ನೆದುರೇ ಬರೆದರು: ಈ ಆವರಣದ ತೋಟದಲ್ಲಿ ಯಾರೂ ನೆಲ ಅಗೆಯತಕ್ಕದ್ದಲ್ಲ, ಅಗತ್ಯಬಿದ್ದರೆ ಮಾಲಿಯ ಒಪ್ಪಿಗೆ ಪಡೆಯಬೇಕು. ನನ್ನ ಕೈಲಾಗದ್ದು ಕಚೇರಿಯ ಆದೇಶವಾಗಿ ಹೋಯಿತು! ಆಮೇಲೆ ಪೈಪು ಹಾಕಲು ಬಂದವರೂ ನನ್ನನ್ನು ಕೇಳಿ ಗೋಡೆಯ ಪಕ್ಕದಿಂದ ಒಯ್ದರು. ಇನ್ನೂ ಏಳು ವರ್ಷ ಅಲ್ಲೇ ಕೆಲಸ ಮಾಡಿ ನಿವೃತ್ತನಾದೆ.

ಹೊಸಬರೇ, ನಿಮ್ಮ ಸೊಂಟ ಗಟ್ಟಿಯಿರುವಾಗಲೇ ಇದನ್ನು ಕಲಿಯಿರಿ. ನನ್ನದು ಗಟ್ಟಿಯಿದ್ದಿದ್ದರೆ ನಿವೃತ್ತಿಯ ದಿನವೂ ಅಗೆಯುತ್ತಲೇ ಇರುತ್ತಿದ್ದೆ. ಆ ನೆಲವೂ ಮುರ್ರಮ್ಮೇ ಆಗಿರುತ್ತಿತ್ತು.

ಸಾಹೇಬರು ಆ ಆದೇಶ ಬರೆದ ದಿನ ಸಂಜೆ ಮನೆಗೆ ಹೋಗಿ ಕಸ್ತೂರಿಗೆ ಎಲ್ಲ ಹೇಳಿದೆ. ಅವಳು ದೇವರ ಜಗುಲಿಯ ಮುಂದೆ ಕೂತು ಮನಸಾರೆ ಅತ್ತಳು, ಎದ್ದು ಹುಗ್ಗಿ ಮಾಡಿದಳು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋದಾಗ ಗುಮಾಸ್ತರೊಬ್ಬರು ಕರೆದು, ವರಾಂಡದ ಸಿಮೆಂಟ್ ಕುಂಡವನ್ನು ಆ ಬದಿಗೆ ಎತ್ತಿಡಲು ಹೇಳಿದರು. ಏಳು ವರ್ಷ ಇಂಥ ಹೊತ್ತಿಗೆಲ್ಲ ಒಂದೊಂದು ನೆವ ಹುಡುಕಿದ್ದೆ. ಅಂದು ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತೆ.

"ನನ್ನ ಕೈಲೆ ಆಗಂಗಿಲ್ರಿ," ಎಂದೆ.

ಗುಮಾಸ್ತರು, "ಹೌದೇನು? ಇರ್ಲಿ ಬಿಡ್ರಿ," ಎಂದು ತಾವೇ ಎತ್ತಿಟ್ಟರು.